ರಾತ್ರಿ ದಾಳಿಗೆ ಹಡಗಿನಿಂದ ಯಾವ ವಿಮಾನ ಕಳಿಸಬೇಕು?

ಯುದ್ಧವಿಮಾನಗಳ ಹೋಲಿಕೆ ಅಂದ ಕೂಡಲೇ ಎಲ್ಲರೂ ಮೊದಲು ನೋಡುವುದು ವೇಗ. ಆಮೇಲೆ ಎಷ್ಟು ಕಿಲೋ ಬಾಂಬು ಹೊರುತ್ತದೆ ಅನ್ನುವುದು. ಹಗಲಿನ ಕೆಲಸಕ್ಕೆ ಅಷ್ಟು ಸಾಕೇನೋ. ಆದರೆ ವಿಮಾನವಾಹಕ ನೌಕೆಯಿಂದ ರಾತ್ರಿ ಹೊರಟು, ಕತ್ತಲಲ್ಲಿ ಗುರಿ ಹುಡುಕಿ ಹೊಡೆದು, ಮತ್ತೆ ಕತ್ತಲಲ್ಲೇ ಸಮುದ್ರದ ನಡುವೆ ಓಡುತ್ತಿರುವ ಡೆಕ್ ಮೇಲೆ ಬಂದು ಇಳಿಯಬೇಕು ಅಂದಾಗ ಈ ಎರಡೂ ಅಂಕಿಗಳು ಹಿಂದಕ್ಕೆ ಸರಿಯುತ್ತವೆ. ಆಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಗುರಿ ಯಾರ ಕಣ್ಣಿಗೆ ಬೀಳುತ್ತದೆ? ಹೋಗಿ ಬರುವಷ್ಟು ಇಂಧನ ಇದೆಯಾ? ವಾಪಸ್ ಬಂದು ಇಳಿಯಲು ಆಗುತ್ತದಾ? ನನ್ನ ಪ್ರಕಾರ ಲೆಕ್ಕ ಶುರುವಾಗಬೇಕಾದ್ದು ಈ ಕೊನೆಯ ಪ್ರಶ್ನೆಯಿಂದ.

ಅದಕ್ಕೇ ಇಲ್ಲಿ ಉಲ್ಟಾ ಕ್ರಮದಲ್ಲಿ ಹೋಗುತ್ತೇನೆ. ಮೊದಲು ಇಳಿಯುವುದು, ಆಮೇಲೆ ದೂರ, ಆಮೇಲೆ ಕಣ್ಣು, ಕೊನೆಗೆ ವಿಮಾನಗಳ ಹೆಸರು. ವಿಮಾನ ಹಾರಿಸುವ ಸಿಮ್ಯುಲೇಟರ್ ಆಟದಲ್ಲಿ ಮಿಷನ್ (ದಾಳಿಯ ಯೋಜನೆ) ಕಟ್ಟುವವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಸುಮ್ನೆ ಕೂತು ಯಾವುದು ಮೇಲು ಅಂತ ವಾದ ಮಾಡುವವರಿಗೂ ಬರುತ್ತದೆ.

ಇಳಿಯುವುದರಿಂದ ಶುರು ಮಾಡಿ

ರಾತ್ರಿ ಡೆಕ್ ಮೇಲೆ ಇಳಿಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಮೆರಿಕದ ದೊಡ್ಡ ಹಡಗುಗಳ ಪದ್ಧತಿಯನ್ನೇ ತೆಗೆದುಕೊಳ್ಳಿ. ವಾಪಸ್ ಬಂದ ವಿಮಾನಗಳು ಹಡಗಿನ ಹಿಂದೆ, ಒಂದರ ಮೇಲೊಂದರಂತೆ ಬೇರೆ ಬೇರೆ ಎತ್ತರದಲ್ಲಿ ಸುತ್ತು ಹೊಡೆಯುತ್ತಾ ಕಾಯುತ್ತವೆ. ಯಾರು ಯಾವಾಗ ಹೊರಡಬೇಕು ಅನ್ನುವುದು ಮೊದಲೇ ಗೊತ್ತು. ಒಂದೊಂದು ನಿಮಿಷದ ಅಂತರದಲ್ಲಿ ಒಂದೊಂದೇ ಕೆಳಗೆ ಬರುತ್ತದೆ. ಸುಮಾರು ಮೂರು ಮೈಲಿ ದೂರದಲ್ಲಿ, 1,200 ಅಡಿ ಎತ್ತರದಿಂದ ಕೊನೆಯ ಇಳಿಜಾರು ಶುರು. ಮುಕ್ಕಾಲು ಮೈಲಿ ಉಳಿದಾಗ ಪೈಲಟ್ ತಲೆ ಎತ್ತಿ ಡೆಕ್ಕಿನ ಎಡಬದಿಯ ದೀಪಗಳನ್ನು ಹುಡುಕಬೇಕು. ಹಸಿರು ದೀಪಗಳ ಅಡ್ಡಸಾಲು, ಅದರ ನಡುವೆ ಒಂದು ಹಳದಿ ಬೆಳಕು. ಹಳದಿ ಬೆಳಕು ಸಾಲಿಗಿಂತ ಮೇಲೆ ಕಂಡರೆ ವಿಮಾನ ಜಾಸ್ತಿ ಎತ್ತರದಲ್ಲಿದೆ. ಕೆಳಗೆ ಕಂಡರೆ ತಗ್ಗಿನಲ್ಲಿದೆ. ಕೆಂಪಾಯಿತು ಅಂದರೆ ಹಡಗಿನ ಹಿಂಬದಿಗೆ ಬಡಿಯುವ ಹಾದಿ ಹಿಡಿದಿದೆ ಅಂತ ಅರ್ಥ. ಅಲ್ಲಿಂದ ಡೆಕ್ ಮುಟ್ಟುವುದಕ್ಕೆ ಇರುವುದು ಇಪ್ಪತ್ತು ಸೆಕೆಂಡಿನ ಆಸುಪಾಸು. ಚಕ್ರ ತಾಗಿದ ಕೂಡಲೇ ಎಂಜಿನ್ನಿಗೆ ಪೂರ್ತಿ ಬಲ ಕೊಡಬೇಕು. ಯಾಕೆಂದರೆ ಬಾಲದ ಕೊಕ್ಕೆ ಡೆಕ್ಕಿಗೆ ಅಡ್ಡಲಾಗಿ ಕಟ್ಟಿರುವ ತಂತಿಗಳಲ್ಲಿ ಒಂದಕ್ಕೂ ಸಿಕ್ಕಿಹಾಕಿಕೊಳ್ಳದಿದ್ದರೆ ಹಾಗೇ ಹಾರಿ ಹೋಗಿ, ಸುತ್ತು ಬಂದು, ಮತ್ತೆ ಪ್ರಯತ್ನಿಸಬೇಕು.

ಹೀಗೆ ಒಂದೊಂದು ಸುತ್ತಿಗೂ ಇಂಧನ ಸುಡುತ್ತದೆ. ಹತ್ತಿರದಲ್ಲಿ ನೆಲದ ಮೇಲೊಂದು ರನ್‌ವೇ ಇದ್ದರೆ ಅಲ್ಲಿಗೆ ಓಡಬಹುದು. ನಡುಸಮುದ್ರದಲ್ಲಿ ಅದೂ ಇಲ್ಲ. ಮೇಲೆ ಸುತ್ತುತ್ತಾ ಗಾಳಿಯಲ್ಲೇ ಇಂಧನ ಕೊಡುವ ಟ್ಯಾಂಕರ್ ವಿಮಾನ ಒಂದೇ ಗತಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಪೈಲಟ್‌ಗಳ ಎದೆಬಡಿತ ಅಳೆದಿದ್ದರು. ಗುರಿಯ ಮೇಲೆ ಬಾಂಬು ಹಾಕುವಾಗ ಇದ್ದದ್ದಕ್ಕಿಂತ ಹಡಗಿನಿಂದ ಏರುವಾಗ, ಇಳಿಯುವಾಗ ಅದು ಜಾಸ್ತಿ ಇತ್ತು. ಕೆಳಗಿನಿಂದ ಗುಂಡು ಹಾರಿಸುವ ಶತ್ರುವಿಗಿಂತ ತಮ್ಮದೇ ಡೆಕ್ ಜಾಸ್ತಿ ಹೆದರಿಸುತ್ತದೆ ಅಂದರೆ ನೋಡಿ.

ಇಳಿಯುವ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1944ರ ಜೂನ್ 20 ಸಾಕು. ಫಿಲಿಪೀನ್ ಸಮುದ್ರದ ಕದನ. ಜಪಾನಿನ ಹಡಗುಗಳು ಕಂಡಾಗ ಸಂಜೆಯಾಗುತ್ತಾ ಬಂದಿತ್ತು. ದೂರವೂ ಬಹಳ. ಆದರೂ ಅಮೆರಿಕದ ಅಡ್ಮಿರಲ್ ಮಿಟ್ಷರ್ ಇನ್ನೂರಕ್ಕೂ ಹೆಚ್ಚು ವಿಮಾನ ಕಳಿಸಿದರು. ಯುದ್ಧದಲ್ಲಿ ಕಳೆದುಕೊಂಡದ್ದು ಸುಮಾರು 20. ಹಿಂದಿರುಗುವಾಗ ಕತ್ತಲಲ್ಲಿ ಇಂಧನ ಮುಗಿದು ಸಮುದ್ರಕ್ಕೆ ಬಿದ್ದದ್ದು, ಡೆಕ್ ಮೇಲೆ ಅಪ್ಪಳಿಸಿದ್ದು ಸೇರಿದರೆ ಸುಮಾರು 80. ಜಲಾಂತರ್ಗಾಮಿಗಳ ಭಯ ಇದ್ದರೂ ಹಡಗುಗಳ ದೀಪ ಹಚ್ಚಿಸಿ ದಾರಿ ತೋರಿಸಿದ್ದರಿಂದ ಇನ್ನಷ್ಟು ಅನಾಹುತ ತಪ್ಪಿತು. ಬಿದ್ದವರಲ್ಲಿ ಹೆಚ್ಚಿನವರನ್ನು ನೀರಿನಿಂದ ಎತ್ತಿದರು, ಅದೊಂದು ಸಮಾಧಾನ.

ಇದೆಲ್ಲ ಹಳೆಯ ಕಾಲದ ಕಥೆ ಅಂದುಕೊಳ್ಳಬೇಡಿ. 2016ರ ನವೆಂಬರ್‌ನಲ್ಲಿ ಸಿರಿಯಾ ಕರಾವಳಿಯ ಹತ್ತಿರ ರಷ್ಯಾದ ಕುಜ್ನೆಟ್ಸೊವ್ ನೌಕೆಯ ತಂತಿಗಳು ಕೈಕೊಟ್ಟವು. ಮೇಲೆ ಕಾಯುತ್ತಿದ್ದ ಒಂದು ಮಿಗ್-29 ಸಮುದ್ರಕ್ಕೆ ಬಿತ್ತು. ಡಿಸೆಂಬರ್ ಆರಂಭದಲ್ಲಿ ತಂತಿ ಹರಿದು ಒಂದು ಸು-33 ಕೂಡ ಹೋಯಿತು. ಎರಡೂ ಸಲ ಶತ್ರು ಒಂದು ಗುಂಡೂ ಹಾರಿಸಿರಲಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ವಿಮಾನ ಎಷ್ಟು ತೂಕ ಹೊತ್ತುಕೊಂಡು ಏರುತ್ತದೆ ಅನ್ನುವುದು ಒಂದು ಲೆಕ್ಕ, ಎಷ್ಟು ತೂಕ ಹೊತ್ತುಕೊಂಡು ಇಳಿಯಬಹುದು ಅನ್ನುವುದು ಇನ್ನೊಂದು ಲೆಕ್ಕ. ಇಳಿಯುವ ತೂಕಕ್ಕೆ ಮಿತಿ ಇದೆ. ಆ ಮಿತಿಯೊಳಗೆ ಉಳಿದ ಬಾಂಬೂ ಬರಬೇಕು, ಉಳಿದ ಇಂಧನವೂ ಬರಬೇಕು. ರಾತ್ರಿ ಹೊತ್ತು ಇಂಧನ ಜಾಸ್ತಿ ಉಳಿಸಿಕೊಳ್ಳಲೇಬೇಕು, ಎರಡು ಮೂರು ಸಲ ಪ್ರಯತ್ನಿಸಬೇಕಾಗಬಹುದು. ಹಾಗಾಗಿ ಗುರಿ ಸಿಗದೆ ವಾಪಸ್ ಬಂದರೆ ದುಬಾರಿ ಬಾಂಬುಗಳನ್ನು ಸಮುದ್ರಕ್ಕೆ ಎಸೆಯಬೇಕಾಗುತ್ತದೆ. ಹಳೆಯ ಎಫ್/ಎ-18ಸಿ ಹಾರ್ನೆಟ್‌ನ ದೊಡ್ಡ ತಲೆನೋವು ಇದೇ. ಅದರ ನಂತರ ಬಂದ ಸೂಪರ್ ಹಾರ್ನೆಟ್ ಇಂಧನ, ಆಯುಧ ಎರಡೂ ಸೇರಿ ಸುಮಾರು 4,000 ಕಿಲೋ ಹೊತ್ತುಕೊಂಡು ಇಳಿಯಬಲ್ಲದು. ಕಾಗದದ ಮೇಲೆ ಇದು ಸಣ್ಣ ಸುಧಾರಣೆ ಥರ ಕಾಣುತ್ತದೆ. ರಾತ್ರಿ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಸುಧಾರಣೆ ಅದೇ.

ಹಡಗಿನ ವಿಮಾನವೇ ಯಾಕೆ ಬೇಕು?

ನೆಲದ ಮೇಲಿನ ನೆಲೆಯಿಂದ ದೊಡ್ಡ ವಿಮಾನ ಕಳಿಸಬಹುದು, ಇಲ್ಲವೇ ದೂರದಿಂದ ಕ್ರೂಸ್ ಕ್ಷಿಪಣಿ ಬಿಡಬಹುದು. ಹಾಗಿರುವಾಗ ಇಷ್ಟೆಲ್ಲ ಕಷ್ಟ ಯಾಕೆ?

ಹೋಲಿಸಲು ಚೆನ್ನಾದ ಉದಾಹರಣೆ 1986ರ ಏಪ್ರಿಲ್‌ನಲ್ಲಿ ಲಿಬಿಯಾ ಮೇಲೆ ಅಮೆರಿಕ ಮಾಡಿದ ದಾಳಿ. ಒಂದೇ ರಾತ್ರಿ, ಒಂದೇ ಹೊತ್ತಿಗೆ ಎರಡು ಕಡೆಯಿಂದ ಹೊಡೆದರು. ಬೆಂಗಾಜಿ ಕಡೆಯ ಗುರಿಗಳಿಗೆ ಅಮೆರಿಕ ಮತ್ತು ಕೋರಲ್ ಸೀ ಎಂಬ ಎರಡು ಹಡಗುಗಳಿಂದ ಎ-6ಇ ಇಂಟ್ರೂಡರ್‌ಗಳು ಹೋದವು. ಟ್ರಿಪೋಲಿ ಕಡೆಗೆ ಇಂಗ್ಲೆಂಡಿನ ಲೇಕನ್‌ಹೀತ್ ನೆಲೆಯಿಂದ ವಾಯುಪಡೆಯ ಎಫ್-111ಎಫ್‌ಗಳು. ಫ್ರಾನ್ಸ್, ಸ್ಪೇನ್ ತಮ್ಮ ಆಕಾಶದಲ್ಲಿ ಹಾರಲು ಬಿಡಲಿಲ್ಲ. ಎಫ್-111ಗಳು ಅಟ್ಲಾಂಟಿಕ್ ಸುತ್ತಿ, ಜಿಬ್ರಾಲ್ಟರ್ ಜಲಸಂಧಿ ಹೊಕ್ಕು, ದಾರಿಯಲ್ಲಿ ಹಲವು ಸಲ ಗಾಳಿಯಲ್ಲೇ ಇಂಧನ ತುಂಬಿಸಿಕೊಂಡು, ಹೋಗಿ ಬರಲು ಹದಿಮೂರು ಗಂಟೆಯ ಮೇಲೆ ಹಾರಿದವು. ಒಂದು ವಿಮಾನ ಮತ್ತು ಅದರ ಇಬ್ಬರು ಹಿಂದಿರುಗಲಿಲ್ಲ. ಹಡಗಿನವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಗುರಿಯೂ ಹತ್ತಿರ. ಅವರ ವಿಮಾನಗಳೆಲ್ಲ ವಾಪಸ್ ಬಂದವು.

ಹಾಗಾದರೆ ಎಫ್-111 ಯಾಕೆ ಬೇಕಾಯಿತು? ರಾತ್ರಿ ನಿಖರವಾಗಿ ಹೊಡೆಯಬಲ್ಲ ವಿಮಾನ ಆಗ ಆ ಎರಡು ಹಡಗುಗಳಲ್ಲಿ ಎ-6 ಒಂದೇ, ಅದೂ ಬೆರಳೆಣಿಕೆಯ ಸಂಖ್ಯೆಯಲ್ಲಿ. ಪಕ್ಕದಲ್ಲೇ ನಿಂತಿದ್ದ ಎ-7, ಎಫ್/ಎ-18ಗಳು ರಾಡಾರ್‌ಗಳ ಮೇಲೆ ಕ್ಷಿಪಣಿ ಬಿಡುವ ಕೆಲಸ ಮಾಡಿದವು, ಬಾಂಬು ಹಾಕಲಿಲ್ಲ. ಹಡಗು ಹತ್ತಿರ ಇದ್ದ ಮಾತ್ರಕ್ಕೆ ಆಗಲಿಲ್ಲ, ಕತ್ತಲಲ್ಲಿ ಕಾಣುವ ವಿಮಾನ ಅದರಲ್ಲಿ ಎಷ್ಟಿವೆ ಅನ್ನುವುದು ಮುಖ್ಯ.

ಇದಕ್ಕೆ ನಾಲ್ಕು ವರ್ಷ ಮುಂಚೆ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ ಫಾಕ್‌ಲ್ಯಾಂಡ್ಸ್ ದ್ವೀಪಗಳಲ್ಲಿ ಇದೇ ಮಾತು ಇನ್ನೊಂದು ರೀತಿಯಲ್ಲಿ ಗೊತ್ತಾಗಿತ್ತು. ಬ್ರಿಟನ್ನಿನ ಹಡಗುಗಳು ದ್ವೀಪದ ಹತ್ತಿರವೇ ಇದ್ದವು. ಆದರೂ 1982ರ ಮೇ 1ರ ನಸುಕಿನ ಕತ್ತಲಲ್ಲಿ ಸ್ಟ್ಯಾನ್ಲಿ ರನ್‌ವೇ ಮೇಲೆ ಬಾಂಬು ಹಾಕಿದ್ದು ಅಸೆನ್ಷನ್ ದ್ವೀಪದಿಂದ ಆರು ಸಾವಿರ ಕಿಲೋಮೀಟರಿಗೂ ಜಾಸ್ತಿ ಹಾರಿ ಬಂದ ಒಂದೇ ಒಂದು ವಲ್ಕನ್ ಬಾಂಬರ್. ಅದನ್ನು ಅಲ್ಲಿಗೆ ಮುಟ್ಟಿಸಲು ಹನ್ನೊಂದು ವಿಕ್ಟರ್ ಟ್ಯಾಂಕರ್‌ಗಳು ಬೇಕಾದವು. ಹಾಕಿದ 21 ಬಾಂಬುಗಳಲ್ಲಿ ರನ್‌ವೇಗೆ ಬಿದ್ದದ್ದು ಒಂದು. ಹಡಗಿನ ಸೀ ಹ್ಯಾರಿಯರ್‌ಗಳು ಬಂದದ್ದು ಬೆಳಕು ಹರಿಯುವಾಗ.

ಇನ್ನು ಟೊಮಾಹಾಕ್ ಥರದ ಕ್ರೂಸ್ ಕ್ಷಿಪಣಿ. ಅದಕ್ಕೆ ರಾತ್ರಿಯೂ ಒಂದೇ ಹಗಲೂ ಒಂದೇ. ಪೈಲಟ್ ಸೆರೆ ಸಿಕ್ಕುವ ಭಯ ಇಲ್ಲ. ಸುಮಾರು 450 ಕಿಲೋ ಸಿಡಿತಲೆ, ಸಾವಿರದ ಆರುನೂರು ಕಿಲೋಮೀಟರಿನ ಆಸುಪಾಸು ದೂರ. ಜಾಗ ಬಿಟ್ಟು ಕದಲದ ಗುರಿ, ಅಂದರೆ ಕಟ್ಟಡ, ರಾಡಾರ್ ಕೇಂದ್ರ ಇಂಥದ್ದಕ್ಕೆ ಮೊದಲ ರಾತ್ರಿ ಇದೇ ಸರಿ. ಆದರೆ ಲಾರಿ ಮೇಲೆ ಕೂರಿಸಿ ಅತ್ತಿತ್ತ ಒಯ್ಯುವ ಕ್ಷಿಪಣಿಯನ್ನು ಅದು ಹುಡುಕಿ ಹೊಡೆಯುವುದಿಲ್ಲ. ಕೊಳವೆಗಳು ಖಾಲಿಯಾದರೆ ತುಂಬಿಸಲು ಹಡಗು ಬಂದರಿಗೆ ಹೋಗಬೇಕು. ಮೊದಲ ರಾತ್ರಿಗೆ ಕ್ಷಿಪಣಿ, ಆಮೇಲಿನ ರಾತ್ರಿಗಳಿಗೆ ವಿಮಾನ ಅನ್ನುವ ರೂಢಿ ಬಂದದ್ದು ಇದರಿಂದಲೇ.

ಈಚಿನ ಉದಾಹರಣೆ ಬೇಕಾದರೆ 2024ರ ಜನವರಿಯಲ್ಲಿ ಯೆಮನ್ ಮೇಲೆ ನಡೆದ ರಾತ್ರಿ ದಾಳಿ. ಐಸೆನ್‌ಹೋವರ್ ಹಡಗಿನ ಸೂಪರ್ ಹಾರ್ನೆಟ್‌ಗಳು ಕೆಂಪು ಸಮುದ್ರದಿಂದಲೇ ಹೋದವು. ಬ್ರಿಟನ್ನಿನ ಟೈಫೂನ್‌ಗಳು ಸೈಪ್ರಸ್‌ನ ಅಕ್ರೊಟಿರಿಯಿಂದ ವಾಯೇಜರ್ ಟ್ಯಾಂಕರ್‌ಗಳನ್ನು ಜೊತೆಗಿಟ್ಟುಕೊಂಡು ಬರಬೇಕಾಯಿತು. ಒಂದು ರಾತ್ರಿಗೆ ಎರಡೂ ನಡೆಯುತ್ತದೆ. ತಿಂಗಳುಗಟ್ಟಲೆ ಪ್ರತಿ ರಾತ್ರಿ ಹೋಗಬೇಕು ಅಂದರೆ ಹತ್ತಿರ ನಿಂತ ಹಡಗೇ ವಾಸಿ.

ಆದರೆ ಗುರಿ ಒಳನಾಡಿನಲ್ಲಿದ್ದರೆ ಹಡಗಿನ ಈ ಅನುಕೂಲ ಕರಗಿಹೋಗುತ್ತದೆ. 2001ರ ಅಕ್ಟೋಬರ್ 7ರ ರಾತ್ರಿ ಅಫ್ಘಾನಿಸ್ತಾನಕ್ಕೆ ಎಂಟರ್‌ಪ್ರೈಸ್, ಕಾರ್ಲ್ ವಿನ್ಸನ್ ಹಡಗುಗಳಿಂದ ವಿಮಾನಗಳು ಹೊರಟವು. ಅರಬ್ಬೀ ಸಮುದ್ರದಿಂದ ಗುರಿಯ ತನಕ ನೂರಾರು ಮೈಲಿ. ಆ ಯುದ್ಧದಲ್ಲಿ ಆರು, ಏಳು ಗಂಟೆಯ ಹಾರಾಟ ಮಾಮೂಲಾಯಿತು, ವಾಯುಪಡೆಯ ದೊಡ್ಡ ಟ್ಯಾಂಕರ್‌ಗಳಿಲ್ಲದೆ ಅದು ಆಗುವ ಮಾತೇ ಅಲ್ಲ. ಅಷ್ಟು ಹೊತ್ತು ಕೂತ ಮೇಲೆ ಮತ್ತೆ ಆ ಹಳದಿ ಬೆಳಕು ಹುಡುಕಿ ಇಳಿಯಬೇಕು.

ಕತ್ತಲಲ್ಲಿ ಕಾಣುವ ದಾರಿಗಳು

ಮೊದಮೊದಲು ಇದ್ದದ್ದು ಬೆಳಕಿನ ಬಾಣ (ಫ್ಲೇರ್) ಒಂದೇ. 1940ರ ನವೆಂಬರ್ 11ರ ರಾತ್ರಿ ಇಲ್ಲಸ್ಟ್ರಿಯಸ್ ಹಡಗಿನಿಂದ 21 ಸ್ವೋರ್ಡ್‌ಫಿಶ್ ವಿಮಾನಗಳು ಎರಡು ತಂಡವಾಗಿ ಇಟಲಿಯ ಟರಾಂಟೊ ಬಂದರಿಗೆ ಹೋದವು. ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆ, ಮೇಲೆ ಮುಚ್ಚಿಗೆ ಇಲ್ಲದ ಕಾಕ್‌ಪಿಟ್. ದೂರಕ್ಕೆ ಇಂಧನ ಸಾಲದು ಅಂತ ಗನ್ನರನ್ನು ಬಿಟ್ಟು ಹೆಚ್ಚುವರಿ ಟ್ಯಾಂಕ್ ಇಟ್ಟುಕೊಂಡಿದ್ದರು. ಕೆಲವು ವಿಮಾನಗಳು ಬೆಳಕಿನ ಬಾಣ ಬಿಟ್ಟವು, ಆ ಬೆಳಕಿಗೆ ಎದುರಾಗಿ ಕಂಡ ಹಡಗುಗಳಿಗೆ ಉಳಿದವು ಟಾರ್ಪೆಡೊ ಬಿಟ್ಟವು. ಮೂರು ಯುದ್ಧನೌಕೆಗಳಿಗೆ ಪೆಟ್ಟು ಬಿತ್ತು. ಹೋದದ್ದು ಎರಡು ವಿಮಾನ. ಹಗಲಾಗಿದ್ದರೆ ಅಷ್ಟು ನಿಧಾನದ ವಿಮಾನಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಕತ್ತಲೇ ಅವುಗಳ ಕವಚ.

1944ರ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ ಟ್ರಕ್ ಎಂಬ ದ್ವೀಪದಲ್ಲಿದ್ದ ಜಪಾನಿನ ನೆಲೆಯ ಮೇಲೆ ಎಂಟರ್‌ಪ್ರೈಸ್‌ನ 12 ಅವೆಂಜರ್‌ಗಳು ರಾಡಾರ್ ನೋಡಿಕೊಂಡೇ ರಾತ್ರಿ ಬಾಂಬು ಹಾಕಿದವು. ಅಲ್ಲಿಂದ ಮುಂದೆ ಬೆಳಕಿನ ಬಾಣ ಹಾರಿಸಿ ತಾನಿರುವ ಜಾಗ ಶತ್ರುವಿಗೆ ತೋರಿಸಿಕೊಳ್ಳುವ ಅಗತ್ಯ ಕಡಿಮೆಯಾಯಿತು.

ಇವತ್ತು ಆಯ್ಕೆಗಳು ನಾಲ್ಕು. ರಾಡಾರ್ ಮೋಡದಾಚೆಗೂ ಕಾಣುತ್ತದೆ, ಆದರೆ ತಾನು ಇದ್ದೇನೆ ಅಂತ ಸಾರಿಬಿಡುತ್ತದೆ. ಶಾಖ ನೋಡುವ ಥರ್ಮಲ್ ಕ್ಯಾಮೆರಾದಲ್ಲಿ ಓಡಿ ನಿಂತ ಲಾರಿಯ ಎಂಜಿನ್ ಬೆಳ್ಳಗೆ ಹೊಳೆಯುತ್ತದೆ, ಆದರೆ ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಚಿತ್ರ ಮಂಕಾಗುತ್ತದೆ, ಮುಂಜಾನೆ ಮುಸ್ಸಂಜೆ ಹೊತ್ತಿಗೆ ನೆಲ ಮತ್ತು ವಸ್ತುವಿನ ಶಾಖ ಒಂದೇ ಆಗಿ ಎರಡೂ ಬೆರೆತುಹೋಗುತ್ತವೆ. ನೈಟ್ ವಿಷನ್ ಕನ್ನಡಕ ಚುಕ್ಕಿ ಬೆಳಕನ್ನೇ ಹಿಗ್ಗಿಸಿ ತೋರಿಸುತ್ತದೆ. ಬೆಟ್ಟಗಳ ನಡುವೆ ಹಾರಲು, ಜೊತೆಯ ವಿಮಾನ ಗುರುತಿಸಲು ಅದು ಬಹಳ ಒಳ್ಳೆಯದು, ಆದರೆ ಎರಡು ಕೊಳವೆಯಲ್ಲಿ ಇಣುಕಿದ ಹಾಗೆ ಪಕ್ಕದ್ದೇನೂ ಕಾಣುವುದಿಲ್ಲ, ದೂರದ ಅಂದಾಜೂ ಸಿಗುವುದಿಲ್ಲ. ನಾಲ್ಕನೆಯದು ನೋಡದೆಯೇ ಹೊಡೆಯುವುದು. ಜಿಪಿಎಸ್ ಬಾಂಬಿಗೆ ಜಾಗದ ಅಂಕಿ ಕೊಟ್ಟರೆ ಮೋಡ, ಹೊಗೆ, ಕತ್ತಲು ಯಾವುದೂ ಲೆಕ್ಕಕ್ಕಿಲ್ಲ. ಲೇಸರ್ ಬಾಂಬು ಹಾಗಲ್ಲ, ಮಧ್ಯೆ ಮೋಡ ಬಂದರೆ ಬೆಳಕಿನ ಚುಕ್ಕೆ ಮಾಯ.

ಜಿಪಿಎಸ್ ಬಾಂಬು ಬಂದ ಮೇಲೆ ಎಲ್ಲ ವಿಮಾನವೂ ರಾತ್ರಿ ವಿಮಾನವೇ ಅನ್ನುವ ವಾದ ಇದೆ. ಅರ್ಧ ನಿಜ. ಅಂಕಿ ಗೊತ್ತಿರುವ ಗುರಿಗೆ ಹೌದು. ಗುರಿ ಓಡಾಡುತ್ತಿದ್ದರೆ, ಪಕ್ಕದಲ್ಲಿ ಜನವಸತಿ ಇದ್ದರೆ, ಯಾರಾದರೂ ಕಣ್ಣಿಟ್ಟು ನೋಡಲೇಬೇಕು. ಜಿಪಿಎಸ್ ಸಂಕೇತವನ್ನು ಕೆಡಿಸುವ ಯಂತ್ರಗಳೂ ಈಗ ಎಲ್ಲ ಕಡೆ ಇವೆ.

ಒಂದೊಂದಾಗಿ ವಿಮಾನಗಳು

*ಎ-6 ಇಂಟ್ರೂಡರ್.* ಇವತ್ತು ಯಾರ ಬಳಿಯೂ ಇಲ್ಲ, 1997ರಲ್ಲೇ ನಿವೃತ್ತಿ. ಆದರೂ ಅಳತೆಗೋಲು ಇದೇ. ಶಬ್ದದ ವೇಗ ದಾಟುವುದಿಲ್ಲ, ಒಳಗೆ ಬಂದೂಕೂ ಇಲ್ಲ, ನೋಡಲು ದಪ್ಪ ತಲೆಯ ಸಣಕಲು ಬಾಲದ ವಿಮಾನ. ಆದರೆ ರಾತ್ರಿ ಕೆಲಸಕ್ಕಂತಲೇ ಹುಟ್ಟಿದ್ದು. ಪೈಲಟ್ ಎಡಕ್ಕೆ, ಬಾಂಬು ಮತ್ತು ದಾರಿ ನೋಡುವವನು ಅವನ ಬಲಕ್ಕೆ, ಒಬ್ಬರ ಪಕ್ಕ ಒಬ್ಬರು. ಬಲಗಡೆಯವನು ರಾಡಾರ್ ಪರದೆಯ ಮುಸುಕಿಗೆ ಮುಖ ಹುದುಗಿಸಿ ಕೂತಿರುತ್ತಿದ್ದ. ಎಡಗಡೆಯವನ ಎದುರಿನ ಪರದೆಯಲ್ಲಿ ಯಾವ ಕಡೆ ತಿರುಗಬೇಕು ಅನ್ನುವುದನ್ನು ಕಂಪ್ಯೂಟರ್ ಬರೆದು ತೋರಿಸುತ್ತಿತ್ತು. 1965ರಲ್ಲಿ ವಿಯೆಟ್ನಾಂಗೆ ಮೊದಲು ಹೋದಾಗ ಆ ಕಂಪ್ಯೂಟರ್ ವ್ಯವಸ್ಥೆ ಆಗಾಗ ಕೆಡುತ್ತಿತ್ತು, ಅದು ಬೇರೆ ಮಾತು. ಕೆಲಸ ಮಾಡಿದಾಗ ಮಳೆಗಾಲದ ಮೋಡದಡಿಯಲ್ಲಿ, ನಡುರಾತ್ರಿಯಲ್ಲಿ ಒಂಟಿಯಾಗಿ ಹೋಗಿ ಹೊಡೆದು ಬರುವ ವಿಮಾನ ಬೇರೆ ಇರಲಿಲ್ಲ. ಆಮೇಲೆ ಎ-6ಇಗೆ ಮೂಗಿನಡಿ ತಿರುಗುವ ಗೋಳ ಕೂರಿಸಿದರು, ಅದರೊಳಗೆ ಥರ್ಮಲ್ ಕ್ಯಾಮೆರಾ ಮತ್ತು ಲೇಸರ್. ಎಂಟು ಸಾವಿರ ಕಿಲೋ ಹೊರೆ, ಒಡಲಲ್ಲೇ ಏಳು ಸಾವಿರ ಕಿಲೋಗೂ ಮೀರಿದ ಇಂಧನ.

ಇದರ ದೌರ್ಬಲ್ಯ ಗೊತ್ತಾದದ್ದು 1991ರಲ್ಲಿ. ಇರಾಕ್ ಮೇಲಿನ ಯುದ್ಧ ಜನವರಿ 17ರಂದು ಶುರುವಾಯಿತು. ಅಮಾವಾಸ್ಯೆ ಕಳೆದು ಎರಡು ದಿನವೂ ಆಗಿರಲಿಲ್ಲ. ಮರದೆತ್ತರದಲ್ಲಿ ಹಾರಿ ರಾಡಾರಿನಿಂದ ತಪ್ಪಿಸಿಕೊಳ್ಳುವ ಹಳೆಯ ಪಾಠದಂತೆ ಹೋದವರು ಗುಂಡಿನ ಮಳೆಗೆ ಸಿಕ್ಕರು. ರಾತ್ರಿ ಕಾಣದಿದ್ದರೂ ಸದ್ದು ಕೇಳಿದ ಕಡೆಗೆ ಸುಮ್ನೆ ಆಕಾಶಕ್ಕೆ ಹಾರಿಸಿದರೆ ತಗ್ಗಿನಲ್ಲಿದ್ದವನಿಗೆ ತಾಗುತ್ತದೆ. ಸರಟೋಗಾ ಹಡಗಿನ ಒಂದು ಎ-6 ಕೂಡ ಆ ಯುದ್ಧದಲ್ಲಿ ಬಿತ್ತು, ಇಬ್ಬರೂ ಸೆರೆಯಾದರು. ಆಮೇಲೆ ದಾಳಿ ನಡುಎತ್ತರಕ್ಕೆ ಹೋಯಿತು. ಈಗಲೂ ರಾತ್ರಿ ದಾಳಿಯ ವಾಡಿಕೆ ಅದೇ. ಸಿಮ್ಯುಲೇಟರ್‌ನಲ್ಲಿ ನೆಲಕ್ಕೆ ಅಂಟಿಕೊಂಡು ಹಾರುವವರು ಇದನ್ನು ನೆನಪಿಟ್ಟುಕೊಳ್ಳಿ.

*ಎಫ್/ಎ-18ಸಿ.* 1989ರ ಕೊನೆಯಿಂದ ಬಂದ ರಾತ್ರಿ ದಾಳಿ ಮಾದರಿಯಲ್ಲಿ ಕಾಕ್‌ಪಿಟ್ ದೀಪಗಳನ್ನು ನೈಟ್ ವಿಷನ್ ಕನ್ನಡಕಕ್ಕೆ ಹೊಂದುವಂತೆ ಮಾಡಿದರು, ಮುಂದಿನ ಗಾಜಿನ ಮೇಲೆ ಥರ್ಮಲ್ ಚಿತ್ರ ಮೂಡುವಂತೆ ಮಾಡಿದರು. ಒಳ್ಳೆಯ ವಿಮಾನ. ಆದರೆ ಒಡಲಲ್ಲಿ ಐದು ಸಾವಿರ ಕಿಲೋಗೂ ಸ್ವಲ್ಪ ಕಡಿಮೆ ಇಂಧನ, ಮೇಲೆ ಹೇಳಿದ ತೂಕದ ತಾಪತ್ರಯ ಬೇರೆ. ಹತ್ತಿರದ ಗುರಿಗೆ ಸೈ, ದೂರಕ್ಕೆ ಟ್ಯಾಂಕರ್ ಬೆನ್ನಿಗಿರಬೇಕು.

*ಎಫ್-14 ಟಾಮ್‌ಕ್ಯಾಟ್.* ಆಕಾಶದ ಕಾದಾಟಕ್ಕೆ ಮಾಡಿದ ವಿಮಾನ, ಕೊನೆಗಾಲದಲ್ಲಿ ರಾತ್ರಿ ಬಾಂಬರ್ ಆಗಿ ಹೆಸರು ಮಾಡಿತು. 1996ರಲ್ಲಿ ಲ್ಯಾಂಟರ್ನ್ ಎಂಬ ಲೇಸರ್ ಪಾಡ್ (ಹೊರಗೆ ತೂಗುಹಾಕುವ ಪೆಟ್ಟಿಗೆ) ಕಟ್ಟಿಕೊಂಡು ಹಡಗೇರಿತು. ಹಿಂದಿನ ಸೀಟಿನವನಿಗೆ ದೊಡ್ಡ ಪರದೆ, ಸ್ಪಷ್ಟ ಚಿತ್ರ, ವಿಮಾನಕ್ಕೆ ಇಂಧನವೂ ಧಾರಾಳ. 1998ರ ಡಿಸೆಂಬರ್‌ನಲ್ಲಿ ಇರಾಕ್ ಮೇಲೆ ರಾತ್ರಿ ದಾಳಿಗೆ ಹೋದದ್ದು ಹೀಗೇ. ಎ-6 ಬಿಟ್ಟುಹೋದ ಖಾಲಿ ಜಾಗವನ್ನು ನಿಜವಾಗಿ ತುಂಬಿದ್ದು ಇದು ಅನ್ನುವುದು ನನ್ನ ಅಭಿಪ್ರಾಯ, ಹಾರ್ನೆಟ್ ಅಭಿಮಾನಿಗಳು ಸಿಟ್ಟಾಗಬಹುದು. ರಿಪೇರಿ ಕೆಲಸ ಮಾತ್ರ ವಿಪರೀತ. 2006ರಲ್ಲಿ ಮುಗಿಯಿತು.

*ಸೂಪರ್ ಹಾರ್ನೆಟ್.* ಯಾವುದರಲ್ಲೂ ಮೊದಲ ಸ್ಥಾನ ಅಲ್ಲ, ಆದರೂ ಇವತ್ತು ಒಂದನ್ನೇ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ. ಎರಡು ಸೀಟಿನ ಎಫ್ ಮಾದರಿ ಸಿಗುತ್ತದೆ. ತಾನೇ ಟ್ಯಾಂಕರ್ ಆಗಬಲ್ಲದು. ರಾಡಾರ್ ಕೆಡಿಸುವ ಗ್ರೌಲರ್ ಕೂಡ ಇದೇ ಮೈಕಟ್ಟಿನದು, ಹಾಗಾಗಿ ಡೆಕ್ ಮೇಲೆ ಬಿಡಿಭಾಗ, ಕೆಲಸಗಾರರು ಎಲ್ಲ ಒಂದೇ. ಈಚೆಗೆ ಬಂದ ಇಳಿಯುವ ಸಾಫ್ಟ್‌ವೇರ್ ಇಳಿಜಾರಿನ ಹಾದಿಯನ್ನು ತಾನೇ ಹಿಡಿದಿಟ್ಟು ಪೈಲಟ್‌ನ ಕೈಕೆಲಸ ಬಹಳ ಇಳಿಸಿದೆ, ರಾತ್ರಿ ಇಳಿಯುವುದು ಮೊದಲಿನಷ್ಟು ಭಯಾನಕ ಅಲ್ಲ. ಕೊರತೆ ಏನೆಂದರೆ ರಾಡಾರಿಗೆ ಪೂರ್ತಿ ಮರೆಯಾಗುವುದಿಲ್ಲ, ಮತ್ತು ಟ್ಯಾಂಕರ್ ಕೆಲಸಕ್ಕೆ ಇವನ್ನೇ ಬಳಸಿದಾಗ ದಾಳಿಗೆ ಹೋಗುವ ವಿಮಾನ ಅಷ್ಟು ಕಡಿಮೆ. ಎಂಕ್ಯೂ-25 ಎಂಬ ಪೈಲಟ್ ಇಲ್ಲದ ಟ್ಯಾಂಕರ್ ತರುತ್ತಿರುವುದು ಇದಕ್ಕೇ. 2021ರ ಜೂನ್‌ನಲ್ಲಿ ಅದು ಹಾರುತ್ತಲೇ ಸೂಪರ್ ಹಾರ್ನೆಟ್‌ಗೆ ಇಂಧನ ಕೊಟ್ಟು ತೋರಿಸಿತು.

*ಎಫ್-35ಸಿ.* ರಾಡಾರಿಗೆ ಸಿಗುವುದು ಕಷ್ಟ, ಒಡಲಲ್ಲೇ ಸುಮಾರು ಒಂಬತ್ತು ಸಾವಿರ ಕಿಲೋ ಇಂಧನ, ಕ್ಯಾಮೆರಾ ಮೂಗಿನಡಿಯಲ್ಲೇ ಅಡಗಿದೆ, ಪಾಡ್ ಬೇಕಿಲ್ಲ. ಮೈಸುತ್ತ ಆರು ಕ್ಯಾಮೆರಾಗಳು ನೋಡಿದ್ದನ್ನು ಹೆಲ್ಮೆಟ್ ಒಳಗೇ ತೋರಿಸುತ್ತದೆ. ಇಲ್ಲೊಂದು ಮಜಾ ಇದೆ. ಅದೇ ಹೆಲ್ಮೆಟ್ ಪರದೆಯ ಮಂದ ಹಸಿರು ಹೊಳಪು, ರಾತ್ರಿ ಇಳಿಯುವಾಗ ಹಡಗಿನ ದೀಪಗಳನ್ನು ಮುಚ್ಚಿಬಿಡುತ್ತಿತ್ತು. ಇಷ್ಟು ದುಬಾರಿ ವಿಮಾನದ ತೊಡಕು ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ! ಪರದೆಯನ್ನು ಒಎಲ್‌ಇಡಿಗೆ ಬದಲಿಸಿ ಸರಿ ಮಾಡಿದರು. 2021ರಲ್ಲಿ ಕಾರ್ಲ್ ವಿನ್ಸನ್ ಜೊತೆ ಮೊದಲ ಪಯಣ, 2024ರ ನವೆಂಬರ್‌ನಲ್ಲಿ ಲಿಂಕನ್ ಹಡಗಿನಿಂದ ಯೆಮನ್ ಮೇಲೆ ಮೊದಲ ದಾಳಿ. ಮರೆಯಲ್ಲಿ ಉಳಿಯಬೇಕಾದರೆ ಬಾಂಬು ಹೊಟ್ಟೆಯೊಳಗೇ ಇರಬೇಕು, ಅಂದರೆ ದೊಡ್ಡ ಬಾಂಬು ಎರಡೇ. ಸೀಟೂ ಒಂದೇ.

*ರಫಾಲ್ ಎಂ.* ಫ್ರಾನ್ಸಿನ ಚಾರ್ಲ್ಸ್ ದ ಗಾಲ್ ಹಡಗಿನದು. 2011ರಲ್ಲಿ ಲಿಬಿಯಾದ ಮೇಲೆ ಚೆನ್ನಾಗಿ ಕೆಲಸ ಮಾಡಿತು. ನೆಲದ ಏರಿಳಿತ ನೋಡಿಕೊಂಡು ತಾನೇ ತಗ್ಗಿನಲ್ಲಿ ಹಾರಬಲ್ಲದು, ದೂರದಿಂದ ಬಿಡುವ ಸ್ಕಾಲ್ಪ್ ಕ್ಷಿಪಣಿ ಇದೆ. ಭಾರತ 2025ರ ಏಪ್ರಿಲ್‌ನಲ್ಲಿ 26ಕ್ಕೆ ಸಹಿ ಹಾಕಿದೆ, ಅದರಲ್ಲಿ ಹಡಗೇರುವುದು 22, ಉಳಿದ ನಾಲ್ಕು ಎರಡು ಸೀಟಿನವು ನೆಲದಲ್ಲೇ ತರಬೇತಿಗೆ. ಹಡಗಿನ ರಫಾಲ್‌ಗೆ ಎರಡು ಸೀಟಿನ ಮಾದರಿಯೇ ಇಲ್ಲ.

*ಮಿಗ್-29ಕೆ.* ವಿಮಾನವನ್ನು ಎಳೆದು ಎಸೆಯುವ ಕ್ಯಾಟಪಲ್ಟ್ ಯಂತ್ರ ಇಲ್ಲದ, ಮುಂದೆ ಮೇಲಕ್ಕೆ ಬಾಗಿದ ಡೆಕ್ಕಿನಿಂದ ಸ್ವಂತ ಬಲದಲ್ಲೇ ಏರಬೇಕು. ಇಂಧನ ಪೂರ್ತಿ ತುಂಬಿದರೆ ಬಾಂಬು ಕಡಿಮೆ, ಬಾಂಬು ತುಂಬಿದರೆ ಇಂಧನ ಕಡಿಮೆ. ಇದು ವಿಮಾನದ ತಪ್ಪಲ್ಲ, ಡೆಕ್ಕಿನದು. ಐಎನ್‌ಎಸ್ ವಿಕ್ರಾಂತ್ ಮೇಲೆ 2023ರ ಮೇನಲ್ಲಿ ಮಿಗ್-29ಕೆ ಮೊದಲ ಸಲ ರಾತ್ರಿ ಇಳಿಯಿತು. ಅದನ್ನು ನೌಕಾಪಡೆ ದೊಡ್ಡ ಸುದ್ದಿ ಮಾಡಿದ್ದು ಯಾಕೆ ಅಂತ ಇಷ್ಟು ಓದಿದ ಮೇಲೆ ಹೇಳಬೇಕಿಲ್ಲ ಅಲ್ವಾ. ಆ ಡೆಕ್ಕಿಗೆ ಬರುವ ರಫಾಲ್‌ಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಸೀಟು ಒಂದೋ ಎರಡೋ

ಜಿಪಿಎಸ್ ಅಂಕಿಗೆ ಬಾಂಬು ಬಿಡುವುದಾದರೆ ಒಬ್ಬರು ಸಾಕು. ಓಡುವ ಗುರಿಯ ಮೇಲೆ ಲೇಸರ್ ಹಿಡಿಯಬೇಕು, ನೆಲದಲ್ಲಿರುವ ಸೈನಿಕರ ಜೊತೆ ಮಾತಾಡಬೇಕು, ಕೆಳಗಿನಿಂದ ಕ್ಷಿಪಣಿ ಬರುತ್ತಿದೆಯಾ ನೋಡಬೇಕು, ನಡುವೆ ಟ್ಯಾಂಕರ್ ಹುಡುಕಬೇಕು ಅಂದರೆ ನಾಲ್ಕು ಕಣ್ಣು ಬೇಕು. ಎಫ್-35 ಪರ ಇರುವವರು ಕಂಪ್ಯೂಟರೇ ಎರಡನೆಯ ವ್ಯಕ್ತಿ ಅನ್ನುತ್ತಾರೆ. ಬಹಳ ಮಟ್ಟಿಗೆ ಒಪ್ಪುತ್ತೇನೆ. ಆದರೆ ಆರನೇ ಗಂಟೆಯಲ್ಲಿ ತೂಕಡಿಕೆ ಬಂದಾಗ ಪಕ್ಕದಲ್ಲಿ ಮಾತಾಡುವವರು ಇರುವುದು ಬೇರೆಯೇ ವಿಷಯ.

ಹಾಗಾದರೆ ಯಾವುದು?

ಶತ್ರುವಿನ ರಾಡಾರ್, ಕ್ಷಿಪಣಿಗಳು ಇನ್ನೂ ಸರಿಯಾಗಿರುವ ಮೊದಲ ರಾತ್ರಿ: ಕದಲದ ಗುರಿಗಳಿಗೆ ಟೊಮಾಹಾಕ್, ಉಳಿದದ್ದಕ್ಕೆ ಎಫ್-35ಸಿ, ಹಿಂದಿನಿಂದ ಗ್ರೌಲರ್. ಸೂಪರ್ ಹಾರ್ನೆಟ್ ಕಳಿಸುವುದಾದರೆ ದೂರದಿಂದ ಬಿಡುವ ಆಯುಧದ ಜೊತೆಗೆ ಮಾತ್ರ.

ಕ್ಷಿಪಣಿ ಕಾಟ ಕಡಿಮೆಯಾಗಿ, ಓಡಾಡುವ ಗುರಿಗಳನ್ನು ರಾತ್ರಿಯಿಡೀ ಹುಡುಕಬೇಕಾದರೆ: ಎರಡು ಸೀಟಿನ ಸೂಪರ್ ಹಾರ್ನೆಟ್. ಇಲ್ಲಿ ಎಫ್-35 ಬಳಸುವುದು ದುಡ್ಡು ದಂಡ. ಗುರಿ ಕರಾವಳಿಯಿಂದ ಬಹಳ ಒಳಗಿದ್ದು ದೊಡ್ಡ ಟ್ಯಾಂಕರ್ ಸಿಗುವುದಿಲ್ಲ ಅಂದರೆ ಹಡಗಿನ ವಿಮಾನವನ್ನೇ ಕೈಬಿಟ್ಟು ನೆಲದಿಂದ ಬರುವ ದೊಡ್ಡ ಬಾಂಬರ್ ಕೇಳಿ. ಕ್ಯಾಟಪಲ್ಟ್ ಇಲ್ಲದ ಡೆಕ್ ನಿಮ್ಮದಾದರೆ, ಹತ್ತಿರದ ಗುರಿ, ಕಡಿಮೆ ಬಾಂಬು, ಉಳಿದ ತೂಕವೆಲ್ಲ ಇಂಧನಕ್ಕೆ. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಹೊಡೆದು ಬೆಳಕಿನಲ್ಲಿ ಇಳಿಯುವ ಹಾಗೆ ಸಮಯ ಹಾಕಿಕೊಂಡರೆ ಅರ್ಧ ಅಪಾಯ ಕಡಿಮೆಯಾಗುತ್ತದೆ, ಥರ್ಮಲ್ ಕ್ಯಾಮೆರಾ ಮಂಕಾಗುವ ಹೊತ್ತೂ ಅದೇ ಅನ್ನುವುದು ನೆನಪಿರಲಿ.

ಕೊನೆಯದಾಗಿ, ಯಾವ ವಿಮಾನ ಆರಿಸಿದರೂ ನಿಮ್ಮದೇ ಹಡಗುಗಳಿಗೆ ಅದು ಯಾರದು ಅಂತ ಗೊತ್ತಿರಬೇಕು. 2024ರ ಡಿಸೆಂಬರ್ 22ರ ನಸುಕಿನಲ್ಲಿ ಕೆಂಪು ಸಮುದ್ರದ ಮೇಲೆ ಟ್ರೂಮನ್ ಹಡಗಿನ ಒಂದು ಸೂಪರ್ ಹಾರ್ನೆಟ್ ಅನ್ನು ಅದರ ಜೊತೆಗಿದ್ದ ಗೆಟ್ಟಿಸ್‌ಬರ್ಗ್ ನೌಕೆಯೇ ಕ್ಷಿಪಣಿ ಬಿಟ್ಟು ಉರುಳಿಸಿತು. ಇಬ್ಬರೂ ಹೊರಗೆ ಹಾರಿ ಬದುಕಿದರು. ಹಾಗಾಗಿ ಮಿಷನ್ ಕಟ್ಟುವಾಗ ಹೋಗುವ ದಾರಿಗಿಂತ ಮೊದಲು ವಾಪಸ್ ಬರುವ ದಾರಿ, ಎತ್ತರ, ಗುರುತಿನ ಸಂಕೇತ ಇವನ್ನು ಬರೆದಿಡಿ, ಆಮೇಲೆ ಬಾಂಬಿನ ಪಟ್ಟಿ ತೆಗೆಯಿರಿ.